ಔಟ್ ಆಫ್ ಸಿಲಬಸ್ ಪ್ರಶ್ನೆಗೆ ಕಾಪಬ್ಲಾಂಕ ಉತ್ತರ

ಕೆಮಿಕಲ್ ಬ್ರಾಂಚಿನ ಗೆಳೆಯರೇ, ನಿಮ್ಮ ಸೀನಿಯರ್ ಒಬ್ಬರು ವಿಶ್ವ ಚೆಸ್ ಚಾಂಪಿಯನ್ ಆಗಿದ್ರು, ಗೊತ್ತಾ? ಹೊಸೆ ರೌಲ್ ಕಾಪಬ್ಲಾಂಕ. 1888ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವರು. ನಾಲ್ಕನೇ ವಯಸ್ಸಿನಲ್ಲಿ ಅಪ್ಪ ಆಡೋದನ್ನ ನೋಡಿಯೇ ಆಟ ಕಲಿತರು. ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಸೇರಿದರೂ ಮನಸ್ಸೆಲ್ಲ ಚೆಸ್ ಮೇಲೆ. ಡಿಗ್ರಿ ಮುಗಿಸಲೇ ಇಲ್ಲ. (ಇದನ್ನ ನಾವು ಮನೇಲಿ ಹೇಳೋ ಹಾಗಿಲ್ಲ!) 1909ರ ಪಂದ್ಯಾವಳಿಯಲ್ಲಿ ಅಮೆರಿಕದ ಫ್ರಾಂಕ್ ಮಾರ್ಷಲ್ ಎದುರು 8 ಆಟ ಗೆದ್ದು, ಒಂದೇ ಒಂದು ಸೋತರು.

1918ರ ನ್ಯೂಯಾರ್ಕ್ ಟೂರ್ನಿಯಲ್ಲಿ ಮತ್ತೆ ಅದೇ ಮಾರ್ಷಲ್. ಕಾಪಬ್ಲಾಂಕ ಬಿಳಿ ಕಾಯಿ, ಓಪನಿಂಗ್ ರೂಯ್ ಲೋಪೆಝ್. 8ನೇ ನಡೆಯಲ್ಲಿ ಮಾರ್ಷಲ್ ಕಾಲಾಳನ್ನ ಡಿ5ಕ್ಕೆ ನೂಕಿ, ಇ5ರಲ್ಲಿದ್ದ ಇನ್ನೊಂದು ಕಾಲಾಳನ್ನ ತಿನ್ನಲು ಬಿಟ್ಟರು. ಇದು ಮೊದಲೇ ಓದ್ಕೊಂಡು ಬಂದ ದಾಳಿ ಅಂತ ಕಾಪಬ್ಲಾಂಕಗೆ ಅರ್ಥವಾಯ್ತು. ಎದುರಾಳಿಗೆ ಎಲ್ಲಾ ದಾರಿಯೂ ಬಾಯಿಪಾಠ, ತನಗೆ ಎಲ್ಲವೂ ಹೊಸದು. ಆದರೂ ಸವಾಲು ಒಪ್ಪಿ ಕಾಲಾಳನ್ನ ತಿಂದರು.

ಈ ಆಟವನ್ನ ಬೋರ್ಡಿನ ಮೇಲೆ ಒಂದೊಂದೇ ನಡೆಯಾಗಿ ಆಡಿ ನೋಡಿದರೆ ನಮಗೇ ಬೆವರು ಬರುತ್ತೆ. ಬಿಳಿಯ ಎಡಗಡೆಯ ಆನೆ, ಕುದುರೆ, ಒಂಟೆ ಇನ್ನೂ ಮನೆ ಬಿಟ್ಟಿಲ್ಲ. ಕಪ್ಪು ಕುದುರೆ ಆಗಲೇ ಜಿ4ಕ್ಕೆ ಬಂದು ರಾಜನ ಬಾಗಿಲಲ್ಲಿ ನಿಂತಿದೆ. ಆ ಕುದುರೆಯನ್ನ ತಿನ್ನಬಹುದಿತ್ತು. ಆದರೆ 14ನೇ ನಡೆಯಲ್ಲಿ ಕಾಪಬ್ಲಾಂಕ ಆಸೆಗೆ ಬೀಳದೆ ಕ್ವೀನ್‌ನ ಎಫ್3ಕ್ಕೆ ತಂದರು. ಆಮೇಲೆ ಅವರ ರಾಜ ಚೆಕ್ ತಪ್ಪಿಸಿಕೊಳ್ಳುತ್ತಾ ಬೋರ್ಡಿನ ನಡುವೆಯೇ ನಡೆದು 24ನೇ ನಡೆಗೆ ಸಿ2 ಸೇರಿದ. ದಾಳಿ ತಣ್ಣಗಾಯ್ತು, 36 ನಡೆಗೆ ಆಟ ಗೆದ್ದಾಯ್ತು.

1921ರಲ್ಲಿ ಲಾಸ್ಕರ್ ಅವರನ್ನ ಒಂದೂ ಆಟ ಸೋಲದೆ ಮಣಿಸಿ ವಿಶ್ವ ಚಾಂಪಿಯನ್ ಆದರು. ಆದರೆ 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಎದುರಿಗೆ ಕೂತ ಅಲೆಖಿನ್, ಕಾಪಬ್ಲಾಂಕ ಆಟಗಳನ್ನೇ ಕೂಲಂಕಷವಾಗಿ ಓದ್ಕೊಂಡು ಬಂದಿದ್ದರು. ಅದಕ್ಕೂ ಮೊದಲು ಕಾಪಬ್ಲಾಂಕರನ್ನ ಒಮ್ಮೆಯೂ ಸೋಲಿಸದಿದ್ದವರು ಈಗ 34 ಆಟಗಳ ಹೋರಾಟದಲ್ಲಿ ಪಟ್ಟ ಕಿತ್ತುಕೊಂಡರು. ಮರುಪಂದ್ಯ ಕೊನೆಗೂ ನಡೆಯಲಿಲ್ಲ. 1942ರಲ್ಲಿ ನ್ಯೂಯಾರ್ಕಿನಲ್ಲಿ ಕಾಪಬ್ಲಾಂಕ ತೀರಿಕೊಂಡರು.

ಬೇಸಿಕ್ಸ್ ಗಟ್ಟಿ ಇದ್ದರೆ ಕಾಣದ ಪ್ರಶ್ನೆಗೂ ಉತ್ತರ ಹೊಳೆಯುತ್ತೆ. ಆದರೆ ಅದೊಂದನ್ನೇ ನಂಬಿ ಕೂತರೆ ಓದ್ಕೊಂಡು ಬಂದವನು ಒಂದಿನ ಗೆಲ್ತಾನೆ. ಇನ್ನು ಸೋತ ಮಾರ್ಷಲ್? 11ನೇ ನಡೆಯನ್ನ ಬದಲಿಸಿ, ಸಿ6 ಆಡಿ ಅಂತ ಅವರೇ ಆಮೇಲೆ ತಿದ್ದಿದರು. ಇವತ್ತಿಗೂ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳು ಆಡೋ ಮಾರ್ಷಲ್ ಅಟ್ಯಾಕ್ ಅದೇ.