ಕುಂದಗೋಳದ ರಾಮಭಾವು

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ಸವಾಯಿ ಗಂಧರ್ವ ಸಭಾಗೃಹಕ್ಕೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಸಂಗೀತಕ್ಕೆ ಹೋಗಿದ್ದೇನೆ, ನಾಟಕಕ್ಕೆ ಹೋಗಿದ್ದೇನೆ, ಭಾಷಣಗಳಿಗೂ ಹೋಗಿದ್ದೇನೆ. ಒಮ್ಮೆ ನಾಟಕ ನೋಡಿ ಹೊರಗೆ ಬರುತ್ತಿರುವಾಗ ಜೊತೆಗಿದ್ದ ವಿದ್ಯಾರ್ಥಿಯೊಬ್ಬ, ಈ ಸವಾಯಿ ಗಂಧರ್ವರು ಗವಾಯಿಗಳೋ ನಟರೋ ಎಂದು ಕೇಳಿದ. ಗವಾಯಿಗಳೆಂದು ಥಟ್ಟನೆ ಹೇಳಿಬಿಟ್ಟೆ. ಮನೆ ಸೇರುವಷ್ಟರಲ್ಲಿ ನನ್ನ ಉತ್ತರ ಅರ್ಧ ಮಾತ್ರ ನಿಜವೆಂದು ಹೊಳೆಯಿತು. ಆ ಹೆಸರು ಅವರಿಗೆ ಬಂದುದು ಬೈಠಕ್ಕಿನಲ್ಲಿ ಅಲ್ಲ, ರಂಗದ ಮೇಲೆ. ಅದೂ ಸೀರೆಯುಟ್ಟು ಸ್ತ್ರೀಪಾತ್ರದಲ್ಲಿ ನಿಂತಾಗ. ಅವರನ್ನು ಗುರುವೆಂದು ಸ್ಮರಿಸಿ ಕೈಮುಗಿಯುವ ನಾವು ಅವರ ನಾಟಕದ ದಿನಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುತ್ತೇವೆ. ಇದು ನ್ಯಾಯವೇ ಎಂಬ ಸಂಶಯ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ರಾಮಚಂದ್ರ ಗಣೇಶ ಸಂಶಿ ಹುಟ್ಟಿದುದು 1886ರ ಜನವರಿ 19ರಂದು, ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಕುಳಿತರೆ ಬಹಳ ಹೊತ್ತಾಗುವ ಮೊದಲೇ ಬರುವ ಊರು ಅದು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಹೊಲ. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಊರಿನ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ಆ ಮನೆಯ ಒಡೆಯರು ಸಂಗೀತರಸಿಕರು. ಮೈಸೂರು ಆಸ್ಥಾನದ ಕಡೆಗೆ ಹೋಗಿಬರುವ ಗವಾಯಿಗಳಿಗೆ ನಾಡಿಗೇರ ವಾಡೆ ಒಂದು ತಂಗುದಾಣವಾಗಿತ್ತು. ಹುಡುಗ ರಾಮಭಾವುವನ್ನು ಓದಿಗೆಂದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹಾಕಿದರು. ಆದರೆ ಅವನ ಮನಸ್ಸು ನಿಂತುದು ಹಾಡಿನಲ್ಲಿ. ಹುಬ್ಬಳ್ಳಿಯ ಬಳವಂತರಾವ ಕೊಲ್ಹಟಕರರಲ್ಲಿ ಆದ ಆರಂಭದ ಪಾಠ ಅವರ ನಿಧನದಿಂದ ಅರ್ಧಕ್ಕೇ ನಿಂತಿತು.

ಆಗ ನಾಡಿಗೇರ ವಾಡೆಗೆ ಬಂದವರು ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರು. ಬಾಲಕನ ಗುಣುಗುಣು ಹಾಡನ್ನು ಕೇಳಿ ಅವರು ಮೆಚ್ಚಿದರೆಂದೂ, ಎಂಟು ವರ್ಷ ತಮ್ಮ ಬಳಿಯೇ ಬಿಡಬೇಕೆಂಬ ಕರಾರಿನ ಮೇಲೆ ಶಿಷ್ಯನನ್ನಾಗಿ ಸ್ವೀಕರಿಸಿದರೆಂದೂ ನಮ್ಮ ಭಾಗದಲ್ಲಿ ಹೇಳಿಕೊಂಡು ಬಂದಿದ್ದಾರೆ. ಕಿರಾನಾ ಪದ್ಧತಿಯಲ್ಲಿ ಸ್ವರವೇ ಸರ್ವಸ್ವ. ಒಂದೊಂದು ಸ್ವರವನ್ನೂ ನಿಧಾನವಾಗಿ ಅರಳಿಸಿ, ಅದರಲ್ಲಿ ನೆಲೆನಿಂತು, ಬಳಿಕವೇ ಮುಂದಿನದಕ್ಕೆ ಏರಬೇಕು. ಹತ್ತಾರು ರಾಗಗಳನ್ನು ಒಮ್ಮೆಗೇ ಬಾಚಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಇದರ ಮೇಲೆ ಇನ್ನೊಂದು ಸಂಕಟ ಒದಗಿತು. ಪ್ರಾಯ ಬರುತ್ತಲೇ ಹುಡುಗನ ಮಧುರ ಕಂಠ ಒಡೆಯಿತು; ಮೊದಲಿನ ನಯ ಹೋಗಿ ಬಿರುಸು ಬಂದಿತು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನು ಅಲ್ಲಿಗೇ ಬಿಡುತ್ತಿದ್ದರು. ರಾಮಭಾವು ಮಾತ್ರ ಆ ಒಡಕು ಕಂಠವನ್ನೇ ತಿದ್ದುತ್ತ ಕುಳಿತರು. ಅವರ ಮುಂದಿನ ಗಾಯನವೆಲ್ಲ ಹುಟ್ಟಿನಿಂದ ಬಂದ ಕಂಠದ ಬಲದ್ದಲ್ಲ, ಸಾಧನೆಯಿಂದ ಗಳಿಸಿದ್ದು.

ಇಂಥ ಶಿಕ್ಷಣ ಪಡೆದ ಶಿಷ್ಯ ನಾಟಕ ಮಂಡಳಿಗೆ ಸೇರಿದುದೇಕೆ? ಆ ಕಾಲವನ್ನು ಸ್ವಲ್ಪ ನೆನೆಯಬೇಕು. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಮರಾಠಿ ಸಂಗೀತ ನಾಟಕದ ವೈಭವ ಇಲ್ಲಿಯ ಊರೂರುಗಳಲ್ಲಿ ಮೆರೆಯುತ್ತಿತ್ತು. ಆ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ಜನ ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ಕಂಡು ನೊಂದ ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದೂ ಈ ಹಿನ್ನೆಲೆಯಲ್ಲಿಯೇ. ಹೀಗೆ ಕೊಟ್ಟುಕೊಳ್ಳುವುದೂ ಇತ್ತು, ಕಸಿವಿಸಿಯೂ ಇತ್ತು. ಹಾಡಬಲ್ಲ ತರುಣನಿಗೆ ಹೊಟ್ಟೆಯ ದಾರಿಯನ್ನೂ ಹೆಸರಿನ ದಾರಿಯನ್ನೂ ಒಟ್ಟಿಗೆ ತೋರಿಸಬಲ್ಲದ್ದು ಅಂದು ಸಂಗೀತ ನಾಟಕವೊಂದೇ. ಕಚೇರಿಯ ಕರೆ ಬರಲು ಅರಸರ, ಇನಾಮದಾರರ ಕೃಪೆ ಬೇಕು; ನಾಟಕಕ್ಕಾದರೆ ಟಿಕೇಟು ಕೊಳ್ಳುವ ಜನ ಸಾಕು.

ರಾಮಭಾವು ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯನ್ನು ಸೇರಿದರು. ಗೋವಿಂದರಾವ ಟೇಂಬೆಯವರ ಶಿವರಾಜ ಮಂಡಳಿಯಲ್ಲಿಯೂ ಇದ್ದರು. ಸ್ತ್ರೀಯರು ರಂಗವೇರದ ಆ ದಿನಗಳಲ್ಲಿ ನಾಯಿಕೆಯ ಪಾತ್ರ ಪುರುಷರದೇ. ನಟನಾದವನು ಸೀರೆಯ ನೆರಿಗೆ, ನಡಿಗೆ, ನೋಟ ಎಲ್ಲವನ್ನೂ ಸಾಧಿಸಿಕೊಂಡು, ಅದರ ಮೇಲೆ ರಾತ್ರಿಯೆಲ್ಲ ಹಾಡಬೇಕು. ಪ್ರೇಕ್ಷಕರು ಮೆಚ್ಚಿ ವನ್ಸ್‌ಮೋರ್ ಎಂದರೆ ಅದೇ ಪದವನ್ನು ಹೊಸ ರೀತಿಯಲ್ಲಿ ಮತ್ತೆ ಬೆಳೆಸಬೇಕು. ಕಿರ್ಲೋಸ್ಕರರ ಸೌಭದ್ರ ನಾಟಕದಲ್ಲಿ ರಾಮಭಾವು ಸುಭದ್ರೆಯಾಗಿ ಹಾಡಿದುದನ್ನು ಕೇಳಿದ ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಅವರನ್ನು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ನಾರಾಯಣರಾವ ರಾಜಹಂಸರು ಆಗಲೇ ಬಾಲಗಂಧರ್ವರೆಂದು ಮಹಾರಾಷ್ಟ್ರದ ಕಣ್ಮಣಿಯಾಗಿದ್ದರು. ಅವರಿರುವ ಕಾಲದಲ್ಲಿಯೇ ಇನ್ನೊಬ್ಬನನ್ನು ಗಂಧರ್ವನಿಗಿಂತ ಕಾಲು ಪಾಲು ಹೆಚ್ಚೆಂದು ಹೇಳುವುದು ಸಣ್ಣ ಮಾತಲ್ಲ. ಆ ಗೌರವ ಸಂದುದು ಕನ್ನಡನಾಡಿನ ಒಂದು ಸಣ್ಣ ಊರಿನ ಗುಮಾಸ್ತರ ಮಗನಿಗೆ.

ಆದರೆ ಈ ಕೀರ್ತಿಯಿಂದ ಗುರುವಿಗೆ ಸಂತೋಷವಾಗಲಿಲ್ಲ. ವರ್ಷಗಟ್ಟಲೆ ಕೂರಿಸಿಕೊಂಡು ಹೇಳಿಕೊಟ್ಟ ವಿದ್ಯೆ ಬಣ್ಣ ಬಳಿದುಕೊಂಡು ರಂಗಕ್ಕೆ ಹೋದುದನ್ನು ಖಾನಸಾಹೇಬರು ಒಪ್ಪಲಿಲ್ಲ. ಅವರ ಅಸಮಾಧಾನವನ್ನು ನಾನು ಹಗುರವಾಗಿ ನೋಡಲಾರೆ. ರಾಗ ವಿಸ್ತಾರಕ್ಕೆ ಒಂದು ಗಂಟೆ ಬೇಕೆನ್ನುವ ಪದ್ಧತಿಗೂ, ಕಥೆ ಮುಂದೆ ಸಾಗಬೇಕೆನ್ನುವ ನಾಟಕಕ್ಕೂ ಸಹಜವಾಗಿಯೇ ಘರ್ಷಣೆ ಇದೆ. ರಾತ್ರಿಯೆಲ್ಲ ಎತ್ತರದ ಸ್ವರದಲ್ಲಿ ಹಾಡುವುದರಿಂದ, ಮೊದಲೇ ಒಡೆದು ಕೂಡಿಸಿದ ಕಂಠ ಏನಾದೀತೆಂಬ ಭಯವೂ ಗುರುವಿಗೆ ಇದ್ದಿರಬಹುದು. ಶಿಷ್ಯನಿಗೋ, ಗುರುವಿನ ಮಾತೂ ದೊಡ್ಡದು, ಜೀವನವೂ ದೊಡ್ಡದು. ಈ ಎರಡರ ನಡುವೆ ಅವರು ಅನುಭವಿಸಿದ ನೋವನ್ನು ಯಾರೂ ಬರೆದಿಡಲಿಲ್ಲ. ಆದರೆ ಮುಂದೆ ಅವರು ಬೋಧಿಸಿದ ರೀತಿಯನ್ನು ನೋಡಿದರೆ, ಗುರುವಿನ ಪಾಠವನ್ನು ಅವರು ಒಂದು ದಿನವೂ ಮರೆತಿರಲಿಲ್ಲವೆಂದು ತಿಳಿಯುತ್ತದೆ.

ಕಾಲಚಕ್ರ ತಿರುಗಿತು. 1931ರಲ್ಲಿ ಹಿಂದಿಯ ಆಲಂ ಆರಾ, 1934ರಲ್ಲಿ ಕನ್ನಡದ ಸತಿ ಸುಲೋಚನಾ ಬಂದು, ಪರದೆಯ ಮೇಲಿನ ನೆರಳೇ ಹಾಡತೊಡಗಿತು. ನಾಟಕ ಮಂಡಳಿಗಳು ಕುಸಿದವು. ಬಾಲಗಂಧರ್ವರೂ 1935ರಲ್ಲಿ ಪ್ರಭಾತ ಸಂಸ್ಥೆಯ ಧರ್ಮಾತ್ಮಾ ಚಿತ್ರದಲ್ಲಿ ನಟಿಸಿದರು. ರಾಮಭಾವು ಆರಿಸಿಕೊಂಡುದು ಬೈಠಕ್ಕನ್ನು. ಕಚೇರಿಯ ಆರಂಭದಲ್ಲಿ ಅವರ ಕಂಠ ಸುಲಭವಾಗಿ ಒಲಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಸೆಣಸಾಡಿ, ಒಮ್ಮೆ ಕಾವೇರಿತೆಂದರೆ ಸಭೆ ಮೈಮರೆಯುತ್ತಿತ್ತೆಂದು ಕೇಳಿದವರು ಹೇಳುತ್ತಿದ್ದರು. ಅವರ ಹಳೆಯ ಧ್ವನಿಮುದ್ರಿಕೆಗಳು ಒಂದೊಂದೂ ಮೂರು ಮಿನಿಟಿನಷ್ಟೇ. ಅವುಗಳನ್ನು ಕೇಳಿದಾಗಲೆಲ್ಲ ನನಗೆ ಅನಿಸುವುದಿಷ್ಟು: ಸ್ವರದ ಶುದ್ಧಿ ಗುರುವಿನದು, ಆದರೆ ಒಂದು ಶಬ್ದವನ್ನು ಕೇಳುವವನ ಎದೆಗೆ ತಾಕುವಂತೆ ತಿರುಗಿಸುವ ಚಾಳಿ ಸುಭದ್ರೆಯಾಗಿ ಹಾಡಿದವನದು. ರಂಗಭೂಮಿ ಅವರ ಸಂಗೀತವನ್ನು ಕೆಡಿಸಲಿಲ್ಲ, ಅದಕ್ಕೆ ಎದುರಿನ ಮನುಷ್ಯನನ್ನು ತೋರಿಸಿಕೊಟ್ಟಿತು.

ಅವರ ಶಿಷ್ಯಸಂಪತ್ತನ್ನು ನೋಡಿದರೆ ಬೆರಗಾಗುತ್ತದೆ. ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿ ಎಂಬ ಹುಡುಗ 1936ರ ಹೊತ್ತಿಗೆ ಗುರುಗೃಹ ಸೇರಿ, ಕೊಡ ಹೊತ್ತು ನೀರು ತಂದು, ಮನೆಗೆಲಸ ಮಾಡಿ ಕಲಿತ. ಫಿರೋಜ್ ದಸ್ತೂರರು ಬಾಲ್ಯದಲ್ಲಿಯೇ ವಾಡಿಯಾ ಸಂಸ್ಥೆಯ ಚಿತ್ರಗಳಲ್ಲಿ ನಟಿಸಿ ಹಾಡಿದವರು. ರಂಗ ಬಿಟ್ಟು ಬಂದ ಗುರುವಿಗೆ ಪರದೆ ಬಿಟ್ಟು ಬಂದ ಶಿಷ್ಯ ಸಿಕ್ಕಿದಂತಾಯಿತು. ಬಸವರಾಜ ರಾಜಗುರುಗಳೂ ಅವರಲ್ಲಿ ಕಲಿತವರೇ. ಒಂದು ಸ್ವರಗುಚ್ಛವನ್ನು ಸರಿಯಾಗುವವರೆಗೆ ಮತ್ತೆ ಮತ್ತೆ ಹಾಡಿಸುವುದೇ ಪಾಠದ ಕ್ರಮ. ಒಡೆದ ಕಂಠವನ್ನು ತಾನೇ ಕಟ್ಟಿಕೊಂಡವನಿಗೆ ಇತರರ ಕಂಠದ ದೋಷ ತಿಳಿಯುವುದು ಸಹಜ. ಗಂಗೂಬಾಯಿಯವರ ಧ್ವನಿ ಮುಂದೆ ಗಡುಸಾದಾಗಲೂ ಅದೇ ಅವರ ಹೆಗ್ಗುರುತಾಗಿ ನಿಂತುದರಲ್ಲಿ ಈ ತಾಲೀಮಿನ ಪಾತ್ರ ಚಿಕ್ಕದಲ್ಲ.

ಖಾನಸಾಹೇಬರು 1937ರ ಅಕ್ಟೋಬರದಲ್ಲಿ, ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ತೀರಿಕೊಂಡರು. ಐದು ವರ್ಷಗಳ ಬಳಿಕ, 1942ರಲ್ಲಿ, ಶಿಷ್ಯನಿಗೆ ಪಾರ್ಶ್ವವಾಯು ಬಡಿಯಿತು. ಐವತ್ತಾರರ ವಯಸ್ಸು, ಪಕ್ವ ಗಾಯಕನಿಗೆ ಅದು ಸುಗ್ಗಿಯ ಕಾಲ. ಅಂದಿನಿಂದ ಕಚೇರಿ ನಿಂತಿತು. ಜೀವಮಾನವಿಡೀ ಕಂಠದೊಡನೆ ಹೋರಾಡಿ ಗೆದ್ದವನು ಕೊನೆಯ ಹತ್ತು ವರ್ಷ ಇತರರು ಹಾಡುವುದನ್ನು ಕೇಳುತ್ತ ಕೂರಬೇಕಾಯಿತು. 1946ರ ಜನವರಿಯಲ್ಲಿ ಪುಣೆಯಲ್ಲಿ ಅವರ ಷಷ್ಟ್ಯಬ್ದಿ ನಡೆದಾಗ ತರುಣ ಭೀಮಸೇನರು ಗುರುವಿನ ಎದುರು ಹಾಡಿದರು; ಅವರ ಕೀರ್ತಿಗೆ ಆ ಕಚೇರಿಯೇ ನಾಂದಿಯಾಯಿತು. 1952ರ ಸಪ್ಟೆಂಬರ 12ರಂದು ಪುಣೆಯಲ್ಲಿ ಸವಾಯಿ ಗಂಧರ್ವರು ಕಣ್ಣುಮುಚ್ಚಿದರು. ಮರುವರ್ಷದಿಂದ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಈಗ ಆ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಭೀಮಸೇನರೂ ಸೇರಿದ್ದಾರೆ.

ಕೆಲವು ದಿನಗಳ ಹಿಂದೆ ಕುಂದಗೋಳಕ್ಕೆ ಹೋಗಿದ್ದೆ. ನಾಡಿಗೇರ ವಾಡೆಯ ಮುಂದೆ ನಿಂತು, ಇಲ್ಲಿಂದ ಹೊರಟ ಹುಡುಗ ಎಷ್ಟು ವೇಷ ಹಾಕಬೇಕಾಯಿತೆಂದು ಯೋಚಿಸಿದೆ: ಶಾಲೆ ಬಿಟ್ಟ ವಿದ್ಯಾರ್ಥಿ, ಗುರುವಿನ ಮನಸ್ಸು ನೋಯಿಸಿದ ಶಿಷ್ಯ, ಮರಾಠಿ ರಂಗದ ಸುಭದ್ರೆ, ಬೈಠಕ್ಕಿನ ಗವಾಯಿ, ಮೂಕನಾದ ಗುರು. ಯಾವುದನ್ನು ಕಳೆದರೂ ಮೊತ್ತ ಒಂದೂಕಾಲು ಆಗುವುದಿಲ್ಲ. ಮರಳುವ ಗಾಡಿಗಾಗಿ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದಾಗ, ಅಂದಿನ ಪಾಠವನ್ನು ಮನಸ್ಸಿನಲ್ಲಿಯೇ ಗುನುಗಿಕೊಳ್ಳುತ್ತ ಗಂಗೂಬಾಯಿಯವರೂ ಈ ದಾರಿಯಲ್ಲಿಯೇ ಹುಬ್ಬಳ್ಳಿಗೆ ಮರಳಿರಬೇಕೆಂದು ನೆನಪಾಯಿತು. ಆ ವಿದ್ಯಾರ್ಥಿ ಮತ್ತೆ ಕೇಳಿದರೆ ಈ ಸಲ ಅವಸರ ಮಾಡದೆ ಉತ್ತರ ಹೇಳುತ್ತೇನೆ.