ಜ್ವರಕ್ಕೆ ಅಂಕಿ ಕೊಟ್ಟ ಪರದೇಶವಾಸಿ

ರಿಯಾದಿನ ಮಲಾಜ್‌ನಲ್ಲಿರುವ ನನಗೆ ಊರಿನಿಂದ ಕರೆ ಬಂದರೆ ಜ್ವರ 102. ಇಲ್ಲಿನ ಆಸ್ಪತ್ರೆಯ ಚೀಟಿಯಲ್ಲಿ ಅದೇ ಜ್ವರ 38.9. ನಮ್ಮೂರಿನ ಅಳತೆಗೆ ಹೆಸರಾದ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಅವರೂ ಪರದೇಶದಲ್ಲೇ ಬಾಳಿದವರು.

ಇಂದಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ 1686ರಲ್ಲಿ ಜನನ. 1701ರಲ್ಲಿ ವಿಷಪೂರಿತ ಅಣಬೆ ತಿಂದು ತಂದೆತಾಯಿಗಳಿಬ್ಬರೂ ಒಂದೇ ದಿನ ತೀರಿಕೊಂಡರು. ಹದಿನೈದರ ಬಾಲಕನನ್ನು ಪಾಲಕರು ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಮನಸ್ಸು ಮಾತ್ರ ಗಾಜಿನ ಉಪಕರಣಗಳತ್ತ ಹರಿಯಿತು. 1708ರಲ್ಲಿ ಕೋಪನ್‌ಹೇಗನ್ನಿನ ಖಗೋಳಜ್ಞ ರೋಮರ್ ಅವರನ್ನು ಕಂಡು, ಉಷ್ಣಮಾಪಕಕ್ಕೆ ಗೆರೆ ಹಾಕುವ ಕ್ರಮವನ್ನು ನೋಡಿ ಬಂದರು. ಮುಂದೆ ಮದ್ಯಸಾರದ ಬದಲಿಗೆ ಪಾದರಸ ತುಂಬಿದರು. ಅವರ ಒಂದು ಮಾಪಕ ತೋರಿದ ಅಂಕಿಯನ್ನೇ ಮತ್ತೊಂದೂ ತೋರಿತು. ವೈದ್ಯನಾದ ನನಗೆ ಇದೇ ಅವರ ಹಿರಿಯ ಉಪಕಾರ.

1724ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಮಂಜುಗಡ್ಡೆ, ನೀರು, ನವಸಾಗರಗಳ ಮಿಶ್ರಣಕ್ಕೆ 0, ಬರಿಯ ಮಂಜುಗಡ್ಡೆ-ನೀರಿಗೆ 32, ಆರೋಗ್ಯವಂತರ ಮೈಗೆ 96. ನಾವು ಬಲ್ಲ 98.6 ನಂತರದ ತಿದ್ದುಪಡಿ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿಸಿತು. 1736ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಹೇಗ್ ನಗರದಲ್ಲಿ ನಿಧನರಾದರು.

ಮಕ್ಕಳೊಡನೆ ಇಲ್ಲಿಗೆ ಹೊರಟವರು ದಾದಿ 39 ಎಂದಾಗ ಸಣ್ಣ ಅಂಕಿಯೆಂದು ನಿರಾಳರಾಗಬಾರದು. 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿ: ಅದು 102.2.