ಕಟ್ಟದ ಯಂತ್ರಕ್ಕೆ ವಿವರಣೆ ಬರೆದಾಕೆ

ಪುಣೆಯ ಹಿಂಜೇವಾಡಿಯಲ್ಲಿ ನಾನು ಮಾಡುವ ಕೆಲಸವನ್ನು ಊರಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಎಐ ಏಜೆಂಟ್‌ಗಳು ಓದಲೆಂದು ಎಪಿಐಗಳ ವಿವರಣೆ ಬರೆಯುತ್ತೇನೆ. ಎಪಿಐ ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ಕಿಂಡಿ ಅಂದುಕೊಳ್ಳಿ. ಟಿಕೆಟ್ ಕಾಯ್ದಿರಿಸಲು ಒಂದು ಕಿಂಡಿ, ರದ್ದು ಮಾಡಲು ಒಂದು, ಹಣ ವಾಪಸು ಕೊಡಲು ಇನ್ನೊಂದು. ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಟೂಲಿನ ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ಪಟ್ಟಿ, ಇಷ್ಟನ್ನೇ ಓದಿ ಅದು ಆರಿಸಬೇಕು. ಹೊಸ ಗುಮಾಸ್ತನಾದರೆ ಅನುಮಾನ ಬಂದಾಗ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಏಜೆಂಟ್ ಎಷ್ಟೋ ಸಲ ಕೇಳುವುದೇ ಇಲ್ಲ, ತನಗೆ ತೋಚಿದ ಟೂಲ್ ಬಳಸಿ ಮುಂದೆ ಹೋಗಿಬಿಡುತ್ತದೆ. ಆಮೇಲೆ ಯಾರದೋ ಪ್ರಯಾಣ ಕೆಟ್ಟಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಓದಲು ಕೊಡುವುದು 1843ರ ಒಂದು ಬರಹವನ್ನು. ಬರೆದಾಕೆ ಅಡಾ ಲವ್‌ಲೇಸ್. ಜಗತ್ತಿನ ಮೊದಲ ಪ್ರೋಗ್ರಾಮರ್ ಎಂದು ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲು ಬರುತ್ತದಲ್ಲ, ಆಕೆಯೇ. ಆ ಬಿರುದು ಸರಿಯೋ ತಪ್ಪೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ಕಣ್ಣಿಗೆ ಆಕೆ ನಮ್ಮ ಕಸುಬಿನ ಹಿರಿಯಳು.

ಅಡಾ ಹುಟ್ಟಿದ್ದು 1815ರ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಕವಿ ಲಾರ್ಡ್ ಬೈರನ್. ಮಗುವಿಗೆ ತಿಂಗಳು ತುಂಬಿದ ಸುಮಾರಿಗೆ ತಾಯಿ ಅದನ್ನೆತ್ತಿಕೊಂಡು ತವರಿಗೆ ಹೊರಟಳು. ಬೈರನ್ ಕೆಲವೇ ತಿಂಗಳಲ್ಲಿ ದೇಶ ಬಿಟ್ಟ, ಮತ್ತೆ ಮಗಳ ಮುಖ ನೋಡಲಿಲ್ಲ. ಅಪ್ಪನ ಹುಚ್ಚು ಮಗಳಿಗೆ ಬರಬಾರದೆಂದು ತಾಯಿ ಚಿಕ್ಕಂದಿನಿಂದಲೇ ಗಣಿತ ಕಲಿಸಿದಳು. ನಡುವೆ ದಡಾರ ಬಂದು ಬಹಳ ಕಾಲ ನಡೆಯಲಾರದೆ ಊರುಗೋಲು ಹಿಡಿದಿದ್ದೂ ಉಂಟು. 1833ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಚಾರ್ಲ್ಸ್ ಬ್ಯಾಬೇಜ್‌ನ ಪರಿಚಯವಾಯಿತು. ಅವನ ಮನೆಯಲ್ಲಿ ಡಿಫರೆನ್ಸ್ ಎಂಜಿನ್ ಎಂಬ ಲೆಕ್ಕದ ಯಂತ್ರದ ಒಂದು ಭಾಗ ಓಡುವುದನ್ನು ಕಂಡಳು. 1835ರಲ್ಲಿ ಮದುವೆ, ಬಳಿಕ ಮೂರು ಮಕ್ಕಳು. ಆ ಸಂಸಾರದ ನಡುವೆಯೇ ಗಣಿತಜ್ಞ ಡಿ ಮಾರ್ಗನ್‌ನಿಂದ ಪತ್ರಗಳ ಮೂಲಕ ಪಾಠ ಹೇಳಿಸಿಕೊಂಡಳು.

ಅಷ್ಟರಲ್ಲಿ ಬ್ಯಾಬೇಜ್‌ಗೆ ಅನಲಿಟಿಕಲ್ ಎಂಜಿನ್‌ನ ಕನಸು ಹತ್ತಿತ್ತು. ರಂಧ್ರ ಕೊರೆದ ಕಾರ್ಡುಗಳಿಂದ ಆಜ್ಞೆ ಪಡೆದು ಯಾವ ಲೆಕ್ಕವನ್ನಾದರೂ ಮಾಡುವ ಯಂತ್ರ ಅದು. 1840ರಲ್ಲಿ ಇಟಲಿಯ ಟುರಿನ್‌ನಲ್ಲಿ ಅವನು ಅದನ್ನು ವಿವರಿಸಿದ. ಕೇಳಿದ ಲುಯಿಜಿ ಮೆನಾಬ್ರೆಯಾ ಫ್ರೆಂಚಿನಲ್ಲಿ ಲೇಖನ ಬರೆದ. ಅಡಾ ಅದನ್ನು ಇಂಗ್ಲಿಷಿಗೆ ತಂದಳು. ನೀನೇ ಟಿಪ್ಪಣಿ ಸೇರಿಸಬಾರದೇಕೆ ಎಂದು ಬ್ಯಾಬೇಜ್ ಕೇಳಿದ್ದಕ್ಕೆ ಎ ಯಿಂದ ಜಿ ವರೆಗೆ ಏಳು ಟಿಪ್ಪಣಿ ಬರೆದಳು. ಅವು ಲೇಖನದ ಸುಮಾರು ಮೂರು ಪಟ್ಟು ಉದ್ದ ಬೆಳೆದವು. ಗಮಕಿಗಳು ಒಂದು ಷಟ್ಪದಿ ಹಾಡಿದರೆ ವ್ಯಾಖ್ಯಾನಕಾರರು ಹತ್ತು ನಿಮಿಷ ಹೇಳುವುದನ್ನು ಕೇಳಿ ಬೆಳೆದ ನಮಗೆ ಇದು ವಿಚಿತ್ರವೇನಲ್ಲ. ಆದರೆ ಇಲ್ಲಿ ಯಂತ್ರವೇ ಇರಲಿಲ್ಲ. ಯಾರೂ ಕಟ್ಟಿರದ, ಮುಟ್ಟಿ ನೋಡಲಾಗದ ಯಂತ್ರಕ್ಕೆ ವಿವರಣೆ.

ಮೊದಲ ಟಿಪ್ಪಣಿಯಲ್ಲೇ ಆಕೆ ಹಳೆಯ ಯಂತ್ರಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಬಿಡಿಸಿ ಹೇಳುತ್ತಾಳೆ. ಎರಡೂ ಎಂಜಿನ್‌ಗಳೇ, ಇಬ್ಬರ ತಂದೆಯೂ ಒಬ್ಬನೇ, ಓದುಗರು ಒಂದೆಂದು ಭಾವಿಸುವುದು ಸಹಜ. ನಮ್ಮಲ್ಲೂ ಹೆಚ್ಚಿನ ಎಡವಟ್ಟು ಹುಟ್ಟುವುದು ಇಂಥ ಅವಳಿಜವಳಿ ಟೂಲ್‌ಗಳಿಂದಲೇ. ರದ್ದತಿಗೆ ಇದನ್ನು ಬಳಸಿ ಎಂದಷ್ಟೇ ಬರೆದರೆ ಸಾಲದು. ಹಣ ವಾಪಸಿಗೆ ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಟೂಲ್ ಇದೆ ಎಂದೂ ಬರೆಯಬೇಕು. ಕೊನೆಯ ಟಿಪ್ಪಣಿಯಲ್ಲಿ ಯಂತ್ರದ ಮಿತಿಯನ್ನೂ ಆಕೆ ಮುಚ್ಚಿಡುವುದಿಲ್ಲ. ಅದು ತಾನಾಗಿ ಹೊಸದೇನನ್ನೂ ಹುಟ್ಟಿಸದು, ನಾವು ಆಜ್ಞೆ ಮಾಡಲು ಬಲ್ಲದ್ದನ್ನಷ್ಟೇ ಮಾಡುತ್ತದೆ ಎಂಬುದು ಆಕೆಯ ಮಾತಿನ ಸಾರ.

ಆ ಟಿಪ್ಪಣಿಯಲ್ಲೇ ಒಂದು ದೊಡ್ಡ ಕೋಷ್ಟಕವಿದೆ. ಬರ್ನೌಲಿ ಸಂಖ್ಯೆಯೊಂದನ್ನು ಕಂಡುಹಿಡಿಯುವ 25 ಹೆಜ್ಜೆ. ಪ್ರತಿ ಸಾಲಿನಲ್ಲೂ ಯಾವ ಕ್ರಿಯೆ, ಯಾವ ಸಂಖ್ಯೆಗಳ ಮೇಲೆ, ಉತ್ತರ ಎಲ್ಲಿ ಕೂರಬೇಕು, ಆಗ ಯಾವುದರ ಬೆಲೆ ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂಬ ಕಲಮುಗಳು. ಇವತ್ತಿಗೂ ಒಳ್ಳೆಯ ಟೂಲ್ ವಿವರಣೆಯಲ್ಲಿ ಇರಬೇಕಾದದ್ದು ಇವೇ. ಬದಲಾವಣೆಯ ಕಲಮನ್ನು ನಮ್ಮವರು ಬಿಟ್ಟುಬಿಡುವುದೇ ಹೆಚ್ಚು. ಟೂಲ್ ಓಡಿದ ಮೇಲೆ ದಾಖಲೆ ಬದಲಾಯಿತೋ, ಬರೀ ಓದಿ ತೋರಿಸಿತೋ ಎಂಬುದು ಏಜೆಂಟ್‌ಗೆ ತಿಳಿಯುವುದೇ ಇಲ್ಲ.

ಇಷ್ಟು ಎಚ್ಚರದ ಕೋಷ್ಟಕದ ನಾಲ್ಕನೇ ಸಾಲಿನಲ್ಲಿ ತಪ್ಪೊಂದು ಅಚ್ಚಾಗಿದೆ. ಭಾಜ್ಯ, ಭಾಜಕ ಅದಲುಬದಲಾಗಿವೆ. ತಮಾಷೆ ಎಂದರೆ ಅದೇ ಸಾಲಿನ ಕೊನೆಯಲ್ಲಿ ಬರುವ ಉತ್ತರದ ಸೂತ್ರ ಸರಿಯಾಗಿದೆ. ಮನುಷ್ಯ ಓದಿದರೆ ಸೂತ್ರ ನೋಡಿ ತಿದ್ದಿಕೊಳ್ಳುತ್ತಾನೆ. ಯಂತ್ರ ತಲೆಕೆಳಗಾಗಿ ಭಾಗಿಸಿ, ಉಳಿದ ಸಾಲುಗಳನ್ನೂ ನಿಷ್ಠೆಯಿಂದ ಮುಗಿಸಿ, ತಪ್ಪು ಉತ್ತರ ಕೊಡುತ್ತಿತ್ತು. ವಿವರಣೆಯಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಎಂದು ಬರೆದು, ಕೆಳಗಿನ ಪಟ್ಟಿಯಲ್ಲಿ ಹೊರಡುವ ಊರು, ತಲುಪುವ ಊರು ಅದಲುಬದಲಾದರೆ ಏನಾಗುತ್ತದೋ ಅದೇ. ಹೊಸಬರಿಗೆ ನಾನು ಆ ಸಾಲನ್ನು ಹುಡುಕಲು ಹೇಳುತ್ತೇನೆ. ಬೇಗ ಸಿಕ್ಕುವುದಿಲ್ಲ.

ಇದಕ್ಕಾಗಿ ಅಡಾಳನ್ನು ಹಗುರವಾಗಿ ಕಾಣಬೇಕಿಲ್ಲ. ಬರ್ನೌಲಿ ಲೆಕ್ಕದ ಬೀಜಗಣಿತವನ್ನು ಬ್ಯಾಬೇಜ್ ಮಾಡಿಕೊಟ್ಟಾಗ ಅದರಲ್ಲಿದ್ದ ಗಂಭೀರ ತಪ್ಪನ್ನು ಹಿಡಿದು ವಾಪಸು ಕಳಿಸಿದವಳು ಆಕೆ. ಅದನ್ನು ಬ್ಯಾಬೇಜ್ ತಾನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಸರ್ಕಾರವನ್ನು ದೂರಿ ತಾನು ಬರೆದದ್ದನ್ನು ಹೆಸರಿಲ್ಲದೆ ಲೇಖನದೊಂದಿಗೆ ಅಚ್ಚು ಹಾಕಿಸಲು ಅವನು ನೋಡಿದಾಗಲೂ ಆಕೆ ಒಪ್ಪಲಿಲ್ಲ. ಜಗಳವಾಯಿತು, ಆಮೇಲೆ ಸ್ನೇಹ ಕೂಡಿತು.

ಮುಂದಿನ ವರ್ಷಗಳು ಚೆನ್ನಾಗಿರಲಿಲ್ಲ. ಕುದುರೆ ಜೂಜಿನ ಸಾಲ, ಗರ್ಭಕೋಶದ ಕ್ಯಾನ್ಸರ್. 1852ರ ನವೆಂಬರ್ 27ರಂದು ತೀರಿಕೊಂಡಾಗ ಆಕೆಗೆ 36 ವರ್ಷ. ಬೈರನ್ ಸತ್ತಿದ್ದೂ ಅದೇ ವಯಸ್ಸಿನಲ್ಲಿ. ಆಕೆಯ ಇಚ್ಛೆಯಂತೆ, ನೆನಪೇ ಇರದ ಆ ತಂದೆಯ ಪಕ್ಕದಲ್ಲಿ, ಹಕ್‌ನಲ್‌ನ ಚರ್ಚಿನಲ್ಲಿ ಮಣ್ಣು ಮಾಡಿದರು. ಬ್ಯಾಬೇಜ್ 1871ರಲ್ಲಿ ಯಂತ್ರ ಕಟ್ಟದೆಯೇ ಹೋದ. ಟಿಪ್ಪಣಿಗಳು 1953ರಲ್ಲಿ ಮರುಮುದ್ರಣಗೊಂಡಾಗ ಓದಿ ನೋಡಲು ಕಂಪ್ಯೂಟರ್ ಕಟ್ಟುವ ಜನ ಇದ್ದರು. ಮೊದಲ ಮುದ್ರಣದಲ್ಲಿ ಆಕೆಯ ಪೂರ್ತಿ ಹೆಸರೂ ಇರಲಿಲ್ಲ, ಟಿಪ್ಪಣಿಗಳ ಕೆಳಗೆ ಎ. ಎ. ಎಲ್. ಎಂಬ ಮೂರು ಅಕ್ಷರಗಳಿದ್ದವು.